ಸೊನ್ನೆಯ ಊರಿನಲ್ಲೊಂದು ಮೂಗು

ನಮ್ಮ ಮಾವನ ಮೂಗು ಮಲ್ಪೆಯಲ್ಲಿ ಹೆಸರುವಾಸಿ. ಐಸ್ ಪ್ಲಾಂಟಿನ ಗೇಟು ದಾಟುತ್ತಿದ್ದ ಹಾಗೆಯೇ ಮುಖವನ್ನು ತುಸು ಮೇಲೆತ್ತಿ, ಒಂದೇ ಒಂದು ಸಲ ಉಸಿರೆಳೆದುಕೊಂಡು, "ಎರಡನೇ ಕಂಪ್ರೆಸ್ಸರು, ಗ್ಲ್ಯಾಂಡ್" ಎಂದುಬಿಡುತ್ತಿದ್ದರು. ಹೋಗಿ ನೋಡಿದರೆ ಸೋರುತ್ತಿದ್ದುದು ಶಾಫ್ಟಿನ ಸುತ್ತಲಿನ ಆ ಗ್ಲ್ಯಾಂಡೇ. ಅಲ್ಲಿ ಪೈಪಿನೊಳಗೆ ಓಡುತ್ತಿದ್ದುದು ಅಮೋನಿಯಾ. ಅಮೋನಿಯಾದಷ್ಟು ಪ್ರಾಮಾಣಿಕ ಅನಿಲ ಇನ್ನೊಂದಿಲ್ಲ. ಒಂದು ಎಳೆ ಹೊರಗೆ ಬಂದರೂ ಮೂಗಿಗೆ ಗುದ್ದಿ, ಕಣ್ಣಲ್ಲಿ ನೀರು ತರಿಸಿ, ತಾನು ಬಂದೆನೆಂದು ಸಾರುತ್ತದೆ. ಎಲ್ಲಿಂದ ಬಂದಿತೆಂದು ಖಚಿತವಾಗಬೇಕಾದರೆ ಗಂಧಕದ ಬತ್ತಿ ಹಚ್ಚಿ ಜಾಯಿಂಟುಗಳ ಸುತ್ತ ಆರತಿ ಎತ್ತಿದ ಹಾಗೆ ತಿರುಗಿಸುವುದು. ಸೋರುವಲ್ಲಿ ದಟ್ಟ ಬಿಳಿ ಹೊಗೆ ಏಳುತ್ತದೆ. ಮಳೆಗಾಲದಲ್ಲಿ ದೋಣಿಗಳು ಕಡಲಿಗೆ ಇಳಿಯದ ಎರಡು ತಿಂಗಳು ಪ್ಲಾಂಟಿನಲ್ಲಿ ಓವರ್‌ಹಾಲ್. ನಾನು ಡಿಪ್ಲೊಮಾ ಓದುತ್ತಿದ್ದ ವರ್ಷಗಳಲ್ಲಿ ಆ ಆರತಿ ಎತ್ತುವ ಭಾಗ್ಯ ನನ್ನದಾಗಿತ್ತು. ಮನೆಗೆ ಹೋದರೆ ಅಮ್ಮ ಬಾವಿಕಟ್ಟೆಯಲ್ಲೇ ನಿಲ್ಲಿಸಿ ಸ್ನಾನ ಮಾಡಿಸಿ ಒಳಗೆ ಬಿಡುತ್ತಿದ್ದರು.

ಈಗ ನನ್ನ ಕೆಲಸ ಲಂಡನ್ನಿನ ಸ್ಟ್ರಾಟ್‌ಫರ್ಡಿನಲ್ಲಿ, ಒಂದು ದೊಡ್ಡ ಕಟ್ಟಡದ ನೆಲಮಾಳಿಗೆಯಲ್ಲಿ, ಅಲ್ಲಿನ ಕೂಲಿಂಗ್ ಯಂತ್ರಗಳ ಜೊತೆ. ಸ್ಟ್ರಾಟ್‌ಫರ್ಡ್ ಎಂದಕೂಡಲೇ ಊರಿನ ಮೇಷ್ಟ್ರುಗಳ ಮುಖ ಅರಳುತ್ತದೆ: "ಓ, ಶೇಕ್ಸ್‌ಪಿಯರ್!" ಅಲ್ಲ ಮೇಷ್ಟ್ರೇ, ಅದು ಏವನ್ ನದಿಯ ದಡದ ಸ್ಟ್ರಾಟ್‌ಫರ್ಡ್, ನಮ್ಮದು ಲೀ ನದಿಯ ಕಡೆಯದ್ದು, ರೈಲ್ವೆ ವರ್ಕ್‌ಶಾಪಿನ ಊರು, 2012ರ ಒಲಿಂಪಿಕ್ಸ್ ನಡೆದ ಊರು. ಕವಿ ಬೇಕೇಬೇಕೆಂದರೆ ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್ 1844ರಲ್ಲಿ ಹುಟ್ಟಿದ್ದು ಇಲ್ಲೇ. ಇಷ್ಟು ಹೇಳುವಷ್ಟರಲ್ಲಿ ಮೇಷ್ಟ್ರ ಮುಖ ಮತ್ತೆ ಮುದುಡಿಕೊಂಡಿರುತ್ತದೆ.

ಇಲ್ಲಿ ಮಾವನ ಮೂಗಿಗೆ ಉದ್ಯೋಗವಿಲ್ಲ. ನಮ್ಮ ಪೈಪುಗಳಲ್ಲಿ ಓಡುವುದು ಆರ್ 449ಎ ಎಂಬ ಅನಿಲ. ಬಣ್ಣವಿಲ್ಲ, ವಾಸನೆ ಇಲ್ಲವೆಂದೇ ಹೇಳಬೇಕು, ಹೊತ್ತಿಕೊಳ್ಳುವುದಿಲ್ಲ, ವಿಷವೂ ಅಲ್ಲ. ಈ ಬಗೆಯ ಸಭ್ಯ ಅನಿಲಗಳ ವಂಶವನ್ನು ಶುರುಮಾಡಿದ ಥಾಮಸ್ ಮಿಜ್ಲಿ 1930ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞರ ಸಭೆಯ ಮುಂದೆ ತನ್ನ ಹೊಸ ಅನಿಲವನ್ನು ಎದೆತುಂಬ ಎಳೆದುಕೊಂಡು, ಅದೇ ಉಸಿರಿನಿಂದ ಮೇಣದ ಬತ್ತಿ ಆರಿಸಿ ತೋರಿಸಿದ. ಸಭೆ ಚಪ್ಪಾಳೆ ತಟ್ಟಿರಬೇಕು. ಬತ್ತಿ ಆರಿದ್ದರಲ್ಲೇ ಇನ್ನೊಂದು ಅರ್ಥವೂ ಇತ್ತು. ಗಾಳಿಗಿಂತ ಭಾರವಾದ ಈ ಅನಿಲ ಕಿಟಕಿಯಿಲ್ಲದ ನೆಲಮಾಳಿಗೆಯಲ್ಲಿ ಸೋರಿದರೆ ಕಾಲಿನಿಂದ ಮೇಲಕ್ಕೆ ನೀರಿನ ಹಾಗೆ ತುಂಬುತ್ತಾ ಉಸಿರಾಡುವ ಗಾಳಿಯನ್ನು ತಳ್ಳಿಬಿಡುತ್ತದೆ. ಒಳಗಿದ್ದವನಿಗೆ ಗೊತ್ತೇ ಆಗುವುದಿಲ್ಲ. 2022ರ ಮಾರ್ಚ್ 23ರಂದು ಇಲ್ಲೇ ಹತ್ತಿರದ ಒಲಿಂಪಿಕ್ ಈಜುಕೊಳದಲ್ಲಿ ರಾಸಾಯನಿಕಗಳು ಬೆರೆತು ಕ್ಲೋರಿನ್ ಎದ್ದು 29 ಮಂದಿ ಆಸ್ಪತ್ರೆ ಸೇರಿದರು. ಭಯಾನಕವೇ, ಆದರೂ ಕ್ಲೋರಿನ್ ಮೂಗಿಗೆ ತಾಗುತ್ತದೆ, ಜನ ಓಡುತ್ತಾರೆ. ನಮ್ಮದು ಓಡು ಎಂದು ಹೇಳದ ಜಾತಿ.

ಅದಕ್ಕೇ ಪ್ಲಾಂಟ್ ರೂಮಿನ ಬಾಗಿಲ ಹೊರಗೆ ಗೋಡೆಯ ಮೇಲೆ ಒಂದು ಬೂದುಬಣ್ಣದ ಪೆಟ್ಟಿಗೆ. ಅದೇ ಲೀಕ್ ಮಾನಿಟರ್. ಅದರ ಹೊಟ್ಟೆಯಿಂದ ಎಂಟು ಸಣ್ಣ ಪ್ಲಾಸ್ಟಿಕ್ ನಳಿಗೆಗಳು ಹೊರಟು ಕಟ್ಟಡದ ಕೋಲ್ಡ್ ರೂಮು, ಫ್ರೀಜರು, ಪ್ಲಾಂಟ್ ರೂಮುಗಳಿಗೆ ಹೋಗಿ, ಮೊಣಕಾಲಿಗಿಂತ ಕೆಳಗೆ ತುದಿಯಲ್ಲೊಂದು ಫಿಲ್ಟರ್ ಹಾಕಿಕೊಂಡು ಕೂತಿವೆ. ಪೆಟ್ಟಿಗೆಯ ಪಂಪು ಸರದಿಯಂತೆ ಒಂದೊಂದೇ ನಳಿಗೆಯಿಂದ ಗಾಳಿ ಎಳೆದು, ಅದರ ಮೂಲಕ ಇನ್ಫ್ರಾರೆಡ್ ಬೆಳಕು ಹಾಯಿಸಿ ನೋಡುತ್ತದೆ. ಶಾಲೆಯ ಪುಸ್ತಕದಲ್ಲಿ ಅವಗೆಂಪು ಎಂದು ಓದಿದ್ದೆವಲ್ಲ, ಅದೇ. ನಮ್ಮ ಅನಿಲದ ಅಣುಗಳಿಗೆ ಆ ಬೆಳಕಿನ ಒಂದು ನಿರ್ದಿಷ್ಟ ಪಟ್ಟಿ ಬಹಳ ರುಚಿ. ಎಷ್ಟು ನುಂಗಿದವು ಎಂಬ ಲೆಕ್ಕದ ಮೇಲೆ ಗಾಳಿಯಲ್ಲಿ ಹತ್ತು ಲಕ್ಷಕ್ಕೆ ಎಷ್ಟು ಪಾಲು ಅನಿಲವೆಂದು ಪರದೆಯ ಮೇಲೆ ಅಂಕಿ. ನಮ್ಮಲ್ಲಿ ನೂರು ದಾಟಿದರೆ ಹಳದಿ ದೀಪ, ಮುನ್ನೂರು ದಾಟಿದರೆ ಕೆಂಪು, ಸೈರನ್ನು, ಜೊತೆಗೆ ಎಕ್ಸಾಸ್ಟ್ ಫ್ಯಾನು. ಇವೆಲ್ಲದರ ಜೊತೆ ಒಂಬತ್ತನೆಯ ನಳಿಗೆಯೂ ಒಂದಿದೆ, ಪರ್ಜ್ ಲೈನು. ಅದು ಕಟ್ಟಡದ ಹೊರಗಿನ ಗಾಳಿಯನ್ನು ತರುತ್ತದೆ. ಅದರ ಮಾತು ಆಮೇಲೆ.

ಪೆಟ್ಟಿಗೆ ಇಡುವುದು ನಮ್ಮ ಮರ್ಜಿಯಲ್ಲ, ಕಾನೂನು. ಇಲ್ಲಿನ ಎಫ್-ಗ್ಯಾಸ್ ನಿಯಮ ಅನಿಲವನ್ನು ಕಿಲೋದಲ್ಲಿ ತೂಗಿ ಸುಮ್ಮನಾಗುವುದಿಲ್ಲ, ಅದು ಭೂಮಿಯನ್ನು ಎಷ್ಟು ಕಾಯಿಸುತ್ತದೆಂದು ಇಂಗಾಲದ ಡೈಆಕ್ಸೈಡಿನ ತೂಕಕ್ಕೆ ಬದಲಾಯಿಸುತ್ತದೆ. 449ಎ ಒಂದು ಕಿಲೋ ಎಂದರೆ ಡೈಆಕ್ಸೈಡು 1397 ಕಿಲೋ. (ಮೊದಲಿದ್ದ 404ಎ ಇನ್ನೂ ಭಾರಿ, 3922.) ನಮ್ಮ ಸಿಸ್ಟಮಿನಲ್ಲಿರುವುದು 400 ಕಿಲೋ, ಗುಣಿಸಿದರೆ 558 ಟನ್ ಚಿಲ್ಲರೆ. 500 ಟನ್ ಮುಟ್ಟಿದರೆ ತಾನಾಗಿ ಸೋರಿಕೆ ಹಿಡಿಯುವ ಯಂತ್ರ ಕಡ್ಡಾಯ, ಆ ಯಂತ್ರವನ್ನೇ ವರ್ಷಕ್ಕೊಮ್ಮೆ ಪರೀಕ್ಷಿಸುವುದೂ ಕಡ್ಡಾಯ. ಕಾವಲುಗಾರನಿಗೊಬ್ಬ ಕಾವಲುಗಾರ. ಆ ಎರಡನೆಯವನು ನಾನು.

ಈಗ ಪೆಟ್ಟಿಗೆಯ ರಗಳೆಗೆ ಬರುತ್ತೇನೆ. ಎರಡು ವರ್ಷದ ಹಿಂದೆ ಅದು ವಾರಕ್ಕೆ ಮೂರು ರಾತ್ರಿ, ಸರಿಯಾಗಿ ಎರಡು ಗಂಟೆಯ ಹೊತ್ತಿಗೆ, ಆರನೆಯ ನಳಿಗೆಯಲ್ಲಿ ಅನಿಲವೆಂದು ಬೊಬ್ಬೆ ಹಾಕತೊಡಗಿತು. ಓಡಿಹೋದರೆ ಏನೂ ಇಲ್ಲ. ಸೋಪಿನ ನೀರು ಹಚ್ಚಿದರೆ ಗುಳ್ಳೆಯಿಲ್ಲ. ಫಿಲ್ಟರ್ ಬದಲಾಯಿಸಿದೆ. ನಳಿಗೆ ಎಲ್ಲಾದರೂ ಮಡಿಚಿಕೊಂಡಿದೆಯೇ, ನೀರು ಕೂತಿದೆಯೇ ಎಂದು ಉದ್ದಕ್ಕೂ ತಡವಿದೆ. ಬಾಟಲಿಯಲ್ಲಿ ಬರುವ ಪರೀಕ್ಷೆಯ ಅನಿಲ ಕೊಟ್ಟು ನೋಡಿದರೆ ಪೆಟ್ಟಿಗೆ ಸರಿಯಾದ ಅಂಕಿಯನ್ನೇ ಹೇಳಿತು. ಪಾಳಿಯ ಸಹೋದ್ಯೋಗಿಗಳು ಸೈರನ್ನಿನ ಬಾಯಿಗೆ ಬಟ್ಟೆ ತುರುಕುವ ಸಲಹೆ ಕೊಟ್ಟರು. ಈ ಸಲಹೆ ನನಗೆ ಹೊಸದಲ್ಲ. ಮನೆಯಲ್ಲಿ ಬ್ಯಾಡಗಿ ಮೆಣಸಿನ ಒಗ್ಗರಣೆ ಬಿದ್ದಾಗಲೆಲ್ಲ ಸ್ಮೋಕ್ ಅಲಾರ್ಮ್ ಕೂಗಿ, ನನ್ನ ಹೆಂಡತಿ ಸ್ಟೂಲಿನ ಮೇಲೆ ನಿಂತು ಟವೆಲಿನಿಂದ ಚಾಮರ ಬೀಸುವ ಸೇವೆ ವರ್ಷಗಳಿಂದ ನಡೆದಿದೆ.

ಕೊನೆಗೆ ಒಂದು ರಾತ್ರಿ ಒಂದೂವರೆಗೇ ಹೋಗಿ ಆರನೆಯ ನಳಿಗೆಯ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಎರಡಕ್ಕೆ ಐದು ನಿಮಿಷ ಇದೆ ಎನ್ನುವಾಗ ರಾತ್ರಿ ನೆಲ ತೊಳೆಯುವ, ನಾವೆಲ್ಲ ಆಪಾ ಎನ್ನುವ ಸಿಲ್ಹೆಟ್ ಕಡೆಯ ಹೆಂಗಸು ಬಕೆಟು ತಳ್ಳಿಕೊಂಡು ಬಂದರು. ನೆಲದ ಹಳೆಯ ಪಾಲಿಶ್ ತೆಗೆಯುವ ದ್ರಾವಣ. ಮುಚ್ಚಳ ತೆಗೆದೊಡನೆ ಸ್ಪಿರಿಟ್ಟಿನ ವಾಸನೆ ಗಮ್ಮೆಂದಿತು. ಬಕೆಟನ್ನು ಅವರು ಇಟ್ಟದ್ದು ಸರಿಯಾಗಿ ಫಿಲ್ಟರಿನ ಕೆಳಗೆ. ನಮ್ಮ ಅನಿಲ ನುಂಗುವ ಬೆಳಕಿನ ಪಟ್ಟಿಯ ಅಂಚಿನಲ್ಲೇ ಸ್ಪಿರಿಟ್ಟಿಗೂ ರುಚಿಯಿದೆ. ಪೆಟ್ಟಿಗೆಗೆ ಎರಡೂ ಒಂದೇ. "ಅದಕ್ಕೆ ವಾಸನೆ ಹಿಡಿಯಲು ಬರುತ್ತದೆ, ಹೆಸರು ಹೇಳಲು ಬರುವುದಿಲ್ಲ ಆಪಾ" ಎಂದೆ. ಆಪಾ ನನ್ನನ್ನೂ ಪೆಟ್ಟಿಗೆಯನ್ನೂ ನೋಡಿ, "ಹಾಗಾದರೆ ಇಷ್ಟು ದಿನ ಅದು ಕೂಗಿದ್ದು ನನ್ನನ್ನೋ ಭಾಯ್?" ಎಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಬಕೆಟಿನ ಜಾಗ ಬದಲಾಯಿತು. ಬೊಬ್ಬೆ ನಿಂತಿತು. ಅದೇ ಉತ್ಸಾಹದಲ್ಲಿ ನಾನು ಪೆಟ್ಟಿಗೆಯ ಎಲ್ಲ ನಳಿಗೆಗಳನ್ನೂ ಕಳಚಿ, ಫಿಲ್ಟರ್ ತೊಳೆದು, ಮತ್ತೆ ಸಿಕ್ಕಿಸಿ, ಲಾಗ್ ಪುಸ್ತಕದಲ್ಲಿ ಚೆಂದದ ಅಕ್ಷರದಲ್ಲಿ ಬರೆದಿಟ್ಟೆ.

ಆಮೇಲೆ ಬಂತು ಆರು ವಾರದ ಮೌನ. ಎಂಟೂ ನಳಿಗೆಗಳಲ್ಲಿ ಸೊನ್ನೆ. ಹಗಲು ಸೊನ್ನೆ, ರಾತ್ರಿ ಸೊನ್ನೆ. ಮ್ಯಾನೇಜರ್ ಬೆನ್ನು ತಟ್ಟಿದರು. ನಿಜ ಹೇಳಬೇಕೆಂದರೆ ನನಗೆ ಆಗಲೇ ಅನುಮಾನ ಬರಬೇಕಿತ್ತು. ಒಂದು ಜೀವಂತ ಯಂತ್ರ ಎರಡೋ ಮೂರೋ ಎಂದು ಮಿಸುಕುತ್ತಲೇ ಇರುತ್ತದೆ, ನಿದ್ದೆಯಲ್ಲಿ ಮಗ್ಗುಲು ಬದಲಿಸುವ ಮಗುವಿನ ಹಾಗೆ. ಎಂಟು ಸೊನ್ನೆ ಸಾಲಾಗಿ ನಿಂತಿವೆ ಎಂದರೆ ಅದು ನೆಮ್ಮದಿಯಲ್ಲ. ಆದರೆ ನೆಮ್ಮದಿಯ ಮುಖವಾಡ ಹಾಕಿಕೊಂಡು ಬಂದದ್ದನ್ನು ಬಾಗಿಲಲ್ಲಿ ನಿಲ್ಲಿಸಿ ಗುರುತಿನ ಚೀಟಿ ಕೇಳುವವರು ಯಾರು?

ಮೊದಲು ಸುಳಿವು ಕೊಟ್ಟದ್ದು ರಿಸೀವರ್, ಅಂದರೆ ದ್ರವ ಅನಿಲ ತುಂಬಿಕೊಳ್ಳುವ ದೊಡ್ಡ ಸಿಲಿಂಡರು. ಅದರ ಮಟ್ಟ ಅರವತ್ತರ ಸುತ್ತ ಇರಬೇಕಾದ್ದು ನಲವತ್ತಕ್ಕೆ ಇಳಿದಿತ್ತು. ನಾನು ಬೈದದ್ದು ಗೇಜನ್ನು. ಪೈಪಿನ ಗಾಜಿನ ಕಣ್ಣಿನಲ್ಲಿ ಗುಳ್ಳೆ ಕಂಡಾಗ ಹೊರಗಿನ ಸೆಕೆಯನ್ನು ಬೈದೆ. ಬೇಡದ ಸುದ್ದಿ ಹೇಳುವ ಉಪಕರಣವನ್ನೇ ಮೊದಲು ಸಂಶಯಿಸುವುದು ನಮ್ಮ ಕಸುಬಿನ ಹಳೆಯ ಚಾಳಿ, ದೊಡ್ಡವರನ್ನೂ ಬಿಟ್ಟಿಲ್ಲ. ಅಂಟಾರ್ಕ್ಟಿಕಾದ ಹ್ಯಾಲಿ ಬೇಯಲ್ಲಿ ಬ್ರಿಟನ್ನಿನವರು 1950ರ ದಶಕದಿಂದ ಓಝೋನ್ ಅಳೆಯುತ್ತಿದ್ದರು. ಅಕ್ಟೋಬರ್ ತಿಂಗಳ ಅಂಕಿ ಮುನ್ನೂರರ ಆಸುಪಾಸಿನಿಂದ ಇನ್ನೂರರ ಕಡೆಗೆ ಜಾರತೊಡಗಿದಾಗ ಜೋ ಫಾರ್ಮನ್ ಅವರಿಗೆ ಮೊದಲು ಬಂದ ಸಂಶಯ ಹಳೆಯ ಯಂತ್ರದ ಮೇಲೆಯೇ. ಹೊಸ ಯಂತ್ರ ಕಳಿಸಿ ಅಳೆದರು, ಅಂಕಿ ಅದೇ. ಮೇಲೆ ಸುತ್ತುತ್ತಿದ್ದ ಅಮೆರಿಕದ ಉಪಗ್ರಹವೂ ಇಳಿಕೆಯನ್ನು ಕಂಡಿತ್ತು, ಆದರೆ 180ಕ್ಕಿಂತ ಕೆಳಗಿನ ಅಂಕಿ ನಂಬಲರ್ಹವಲ್ಲವೆಂದು ಗುರುತು ಹಾಕಿ ಬದಿಗಿಡುವಂತೆ ಅದರ ಲೆಕ್ಕಾಚಾರಕ್ಕೆ ಕಲಿಸಲಾಗಿತ್ತು. 1985ರ ಮೇನಲ್ಲಿ ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಮೂವರ ಲೇಖನ ಬಂದಾಗ ಲೋಕಕ್ಕೆ ಗೊತ್ತಾಯಿತು, ಮಿಜ್ಲಿಯ ಸಭ್ಯ ಅನಿಲಗಳು ಆಕಾಶದಲ್ಲಿ ಏನು ಮಾಡಿವೆ ಎಂದು. ಅವರಷ್ಟು ದೊಡ್ಡವನಲ್ಲದಿದ್ದರೂ ನಾನು ಗೇಜು ಬದಲಾಯಿಸಿದೆ. ಅಂಕಿ ಅದೇ.

ಕೈಯಲ್ಲಿ ಹಿಡಿಯುವ ಸ್ನಿಫರ್ ತಂದು ಪ್ಲಾಂಟ್ ರೂಮಿನಲ್ಲಿ ನಿಂತು ಆನ್ ಮಾಡಿದೆ. ಟಿಕ್ ಟಿಕ್ ಎಂದು ತಣ್ಣಗೆ ಕೂತಿತು. ಜಾಯಿಂಟುಗಳ ಸುತ್ತ ಆಡಿಸಿದರೂ ಹೆಚ್ಚು ಕಮ್ಮಿ ಅಷ್ಟೇ. ಬ್ಯಾಟರಿ ಬದಲಿಸೋಣವೆಂದು ಹೊರಗೆ ಕಾರಿಡಾರಿಗೆ ಬಂದೆ, ಬದಲಿಸಿ ಅಲ್ಲೇ ಆನ್ ಮಾಡಿ, ಅದನ್ನು ಹಿಡಿದುಕೊಂಡೇ ಬಾಗಿಲು ದೂಡಿದೆ. ಹೊಸ್ತಿಲು ದಾಟುತ್ತಿದ್ದ ಹಾಗೆ ಅದು ಕಿರುಚಿಕೊಂಡಿತು.

ಆ ಕ್ಷಣದಲ್ಲಿ ನನ್ನ ಬೆನ್ನಿನಲ್ಲಿ ಬಂದ ಚಳಿ ಯಾವ ಫ್ರೀಜರಿನದ್ದೂ ಅಲ್ಲ. ಸ್ನಿಫರ್ ಆನ್ ಆದಾಗ ಸುತ್ತ ಯಾವ ಗಾಳಿಯಿದೆಯೋ ಅದನ್ನೇ ಸೊನ್ನೆ ಎಂದು ಇಟ್ಟುಕೊಂಡು, ಅದಕ್ಕಿಂತ ಹೆಚ್ಚಾದರೆ ಮಾತ್ರ ಕೂಗುತ್ತದೆ. ಅನಿಲ ತುಂಬಿದ ಕೋಣೆಯಲ್ಲಿ ಕಣ್ಣು ಬಿಟ್ಟರೆ ಅದಕ್ಕೆ ಅನಿಲವೇ ಗಾಳಿ. ಮೊದಲು ಬಾಗಿಲು ತೆರೆದಿಟ್ಟು, ಫ್ಯಾನನ್ನು ಕೈಯಿಂದಲೇ ಚಾಲೂ ಮಾಡಿ, ಹೊರಗೆ ನಿಂತೆ. ಆಮೇಲೆ ಗೋಡೆಯ ಪೆಟ್ಟಿಗೆಯ ಹಿಂದೆ ಟಾರ್ಚ್ ಬಿಟ್ಟು ನೋಡಿದೆ. ಆ ಒಂಬತ್ತನೆಯ ನಳಿಗೆ, ಪರ್ಜ್ ಲೈನು, ಗೋಡೆಯ ಪಕ್ಕದ ಜಾಯಿಂಟಿನಿಂದ ಕಳಚಿ ಪ್ಲಾಂಟ್ ರೂಮಿನೊಳಗೆ ಜೋತುಬಿದ್ದಿತ್ತು. ಆರು ವಾರದ ಹಿಂದೆ ಚೆಂದದ ಅಕ್ಷರದ ದಿನ ಸಿಕ್ಕಿಸಿದವನು ನಾನೇ, ಪೂರ್ತಿ ಒತ್ತಿರಲಿಲ್ಲ. ನಳಿಗೆ ಕಟ್ಟಿಕೊಂಡರೆ ಪೆಟ್ಟಿಗೆ ದೋಷವೆಂದು ದೀಪ ಹಚ್ಚುತ್ತದೆ. ಕಳಚಿಬಿದ್ದರೆ ಗಾಳಿ ಸರಾಗವಾಗಿ ಬರುತ್ತಿರುವುದರಿಂದ ಅದಕ್ಕೆ ಪರಮಾನಂದ. ಕೆಲವು ನಿಮಿಷಕ್ಕೊಮ್ಮೆ ಆ ನಳಿಗೆಯಿಂದ ಗಾಳಿ ಎಳೆದು, ಇದೇ ಶುದ್ಧ ಗಾಳಿ, ಇದೇ ಸೊನ್ನೆ ಎಂದು ಪಾಠ ಒಪ್ಪಿಸಿಕೊಳ್ಳುತ್ತಿತ್ತು. ಪ್ಲಾಂಟ್ ರೂಮಿನ ಅನಿಲ ಅದಕ್ಕೆ ಸೊನ್ನೆ. ಉಳಿದ ಕೋಣೆಗಳ ನಿಜವಾದ ಒಳ್ಳೆಯ ಗಾಳಿ ಸೊನ್ನೆಗಿಂತ ಕೆಳಗೆ. ಪರದೆಗೆ ಋಣಸಂಖ್ಯೆ ತೋರಿಸುವ ಸಂಪ್ರದಾಯವಿಲ್ಲದ್ದರಿಂದ ಅವೂ ಸೊನ್ನೆ.

ಸೋರುತ್ತಿದ್ದುದು ಪ್ರೆಷರ್ ಸ್ವಿಚ್ಚಿನ ಒಂದು ಪುಟ್ಟ ಫ್ಲೇರ್ ನಟ್ಟು. ಸೋಪಿನ ನೀರಿಗೆ ಮೊಟ್ಟೆಯಷ್ಟು ಗುಳ್ಳೆ ಬಂತು. ಅನಿಲ ಮತ್ತೆ ತುಂಬಿದ್ದು 38 ಕಿಲೋ. ಡೈಆಕ್ಸೈಡಿನ ಲೆಕ್ಕದಲ್ಲಿ 53 ಟನ್. ಈ ಸಲ ಲಾಗ್ ಪುಸ್ತಕದ ಅಕ್ಷರ ಅಷ್ಟೇನೂ ಚೆಂದವಿರಲಿಲ್ಲ, ಆದರೆ ನನ್ನ ಹೆಸರನ್ನು ಬಿಡದೆ ಬರೆದೆ. ತಿಂಗಳೊಳಗೆ ಮತ್ತೆ ಪರೀಕ್ಷಿಸಬೇಕೆಂಬುದು ನಿಯಮ; ನಾನು ಮೂರನೇ ದಿನ, ಏಳನೇ ದಿನ, ಹನ್ನೊಂದನೇ ದಿನವೂ ಹೋದೆ. ತಿಥಿ ಮಾಡಿದ ಹಾಗಾಯಿತು ಎಂದು ಹೆಂಡತಿ ಅಂದಳು.

ಆ ದಿನಗಳಲ್ಲಿ ಸೊನ್ನೆ ನನ್ನ ತಲೆಯೊಳಗೆ ಹೊಕ್ಕಿತ್ತು. ಹೊಕ್ಕದ್ದು ಒಳ್ಳೆಯ ಜಾಗದಲ್ಲೇ ಎನ್ನಬೇಕು, ಏಕೆಂದರೆ ಭೂಮಿಯ ಸೊನ್ನೆ ರೇಖಾಂಶ, ಗ್ರೀನಿಚ್ಚಿನದು, ಉತ್ತರಕ್ಕೆ ಬರುತ್ತಾ ಸ್ಟ್ರಾಟ್‌ಫರ್ಡ್ ಊರೊಳಗೇ ಹಾಯುತ್ತದೆ. ನಾನು ರಾತ್ರಿಯ ಕೆಲಸ ಮುಗಿಸಿ ಬೆಳಗಿನ ಎಲಿಜಬೆತ್ ಲೈನ್ ರೈಲು ಹಿಡಿದು ಮ್ಯಾನರ್ ಪಾರ್ಕಿನ ಮನೆಗೆ ಹೊರಟರೆ, ಮುಂದಿನ ಮೇರಿಲ್ಯಾಂಡ್ ನಿಲ್ದಾಣ ಬರುವ ಮೊದಲೇ ಫೋನಿನಲ್ಲಿ ಪಶ್ಚಿಮ ಎಂದಿದ್ದದ್ದು ಪೂರ್ವ ಎಂದಾಗುತ್ತದೆ. ಕೆಲಸ ಪಶ್ಚಿಮ ಗೋಳಾರ್ಧದಲ್ಲಿ, ಊಟ ಪೂರ್ವ ಗೋಳಾರ್ಧದಲ್ಲಿ. ಈ ಸೊನ್ನೆಯನ್ನಾದರೂ ಗಟ್ಟಿಯೆಂದು ನಂಬೋಣವೆಂದರೆ, 1884ರಲ್ಲಿ ವಾಷಿಂಗ್ಟನ್ನಿನಲ್ಲಿ ದೇಶಗಳು ಸಭೆ ಸೇರಿ ಒಪ್ಪಿಕೊಂಡ ಗೆರೆ ಒಂದು ಕಡೆ, ಈಗ ಉಪಗ್ರಹಗಳು ಫೋನಿಗೆ ಹೇಳುವ ಸೊನ್ನೆ ಗ್ರೀನಿಚ್ಚಿನಲ್ಲಿ ಅದಕ್ಕಿಂತ 102 ಮೀಟರು ಪೂರ್ವಕ್ಕೆ. ಪ್ರವಾಸಿಗಳು ಲೋಹದ ಗೆರೆಯ ಆಚೆಗೊಂದು ಈಚೆಗೊಂದು ಕಾಲಿಟ್ಟು ಫೋಟೊ ತೆಗೆಸಿಕೊಳ್ಳುವಾಗ ಫೋನಿನ ಸೊನ್ನೆ ದೂರದ ಹುಲ್ಲಿನಲ್ಲಿ ಬಿದ್ದಿರುತ್ತದೆ. ಅದಕ್ಕೂ ಹಿಂದೆ ನಮ್ಮ ಜ್ಯೋತಿಷಿಗಳಿಗೆ ಸೊನ್ನೆ ಉಜ್ಜಯಿನಿಯಲ್ಲಿತ್ತು. ನೃಪತುಂಗನ ಕಾಲದ ನಮ್ಮ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೇ ಉಳಿಯುತ್ತದೆ ಎಂದ. ಗಣಿತದವರು ತಪ್ಪು ಎನ್ನುತ್ತಾರೆ. ನನಗೇನೋ ಆತನ ಮೇಲೆ ಪ್ರೀತಿ. ಪಾಲಿಗೆ ಯಾರೂ ಬಾರದಿದ್ದರೆ ಹಲಸಿನ ಹಣ್ಣು ಹಾಗೇ ಉಳಿಯುತ್ತದಲ್ಲ, ಅಂಥ ಮನೆಯ ಲೆಕ್ಕ ಅದು.

ಹೋದ ಡಿಸೆಂಬರಿನಲ್ಲಿ ಊರಿಗೆ ಹೋಗಿದ್ದೆವು. ಮಲ್ಪೆಯ ಬಸ್ಸು ಇಳಿದವನು ಮೂಗು ಮುಚ್ಚಿಕೊಂಡೆ. ಒಣಮೀನು, ಡೀಸೆಲ್ಲು, ಬಂದರಿನ ಕೆಸರು. ಇಪ್ಪತ್ತೆರಡು ವರ್ಷ ಇದೇ ಗಾಳಿಯಲ್ಲಿ ಬೆಳೆದವನು, ಇದಕ್ಕೊಂದು ವಾಸನೆ ಇದೆಯೆಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ಮಗಳು ನನ್ನ ಕಡೆ ನೋಡಿ ನಕ್ಕಳು. ಮೂರು ವಾರ ಕಳೆದು ಮ್ಯಾನರ್ ಪಾರ್ಕಿನ ಮನೆಯ ಬಾಗಿಲು ತೆರೆದರೆ ಒಳಗಿಂದ ಇನ್ನೊಂದು ವಾಸನೆ ಬಂದು ಮುಖಕ್ಕೆ ಹೊಡೆಯಿತು: ಇಂಗು, ತೆಂಗಿನೆಣ್ಣೆ, ಒದ್ದೆ ಕಾರ್ಪೆಟ್ಟು, ಯಾವುದೋ ಕಾಲದ ಬಂಗುಡೆ ಸಾರು. ನಾಲ್ಕೂ ಜನ ಹೊಸ್ತಿಲಲ್ಲೇ ನಿಂತೆವು. "ನಮ್ಮ ಮನೆ ಹೀಗೆ ವಾಸನೆ ಬರ್ತದಾ?" ಎಂದು ಹೆಂಡತಿ ಮೆಲ್ಲಗೆ ಕೇಳಿದಳು, ಇಷ್ಟು ವರ್ಷ ಬಂದುಹೋದ ನೆಂಟರನ್ನೂ ಪಕ್ಕದ ಮನೆಯವರನ್ನೂ ಒಬ್ಬೊಬ್ಬರನ್ನಾಗಿ ನೆನೆಯುತ್ತಾ. ಕಿಟಕಿ ತೆರೆದಿಟ್ಟೆವು. ಅರ್ಧ ಗಂಟೆಯಲ್ಲಿ ವಾಸನೆ ಹೋಯಿತು. ಕಿಟಕಿಯಿಂದ ಹೋಯಿತೋ, ಮೂಗಿನಿಂದಲೇ ಹೋಯಿತೋ.

ಈ ವರ್ಷದ ಪರೀಕ್ಷೆಯಲ್ಲಿ ಪರ್ಜ್ ಲೈನನ್ನು ಹೊಸದಾಗಿ ಎಳೆಯಬೇಕೆಂದು ತೀರ್ಮಾನವಾಯಿತು. ಎಲ್ಲಿಗೆ ಎಂಬುದೇ ಪ್ರಶ್ನೆ. ಹಳೆಯ ಬಾಯಿ ಇದ್ದದ್ದು ಲೋಡಿಂಗ್ ಬೇಯ ಪಕ್ಕ. ಅಲ್ಲಿ ದಿನವಿಡೀ ಲಾರಿಗಳ ಹೊಗೆ, ಡ್ರೈವರುಗಳ ವೇಪಿನ ಸ್ಟ್ರಾಬೆರಿ ಮೋಡ. ತಾರಸಿಯಲ್ಲಿ ಕಂಡೆನ್ಸರುಗಳಿವೆ, ಅವು ಸೋರಿದರೆ ಮತ್ತೆ ಅದೇ ಕತೆ. ರಸ್ತೆ ಕಡೆ ಬಸ್ಸುಗಳು. ಎಲೆಕ್ಟ್ರಿಷಿಯನ್ ಒಂದು ಕಡೆ ತೋರಿಸಿದ, ನಾನು ಇನ್ನೊಂದು. ಆಪಾ ಬಕೆಟು ನಿಲ್ಲಿಸಿ, ಕಸದ ಕೋಣೆಯ ಕಡೆ ಮಾತ್ರ ಬೇಡ ಎಂದು ತಮ್ಮ ಮತ ಕೊಟ್ಟುಹೋದರು. ಕೊನೆಗೆ ಕಾಲುವೆಯ ಕಡೆಗಿನ ಗೋಡೆಯ ಮೇಲೆ, ಆಳೆತ್ತರದಲ್ಲಿ, ಮಳೆನೀರು ಹೋಗದ ಹಾಗೆ ಕೆಳಮುಖವಾಗಿ ಬಾಯಿ ಇಟ್ಟು, ಜಾಯಿಂಟನ್ನು ಕ್ಲಿಪ್ ಹಾಕಿ, ಎರಡು ಸಲ ಎಳೆದು ನೋಡಿ ಬಿಗಿಮಾಡಿದೆ. ಪರದೆಯ ಮೇಲೆ ಅಂಕಿಗಳು ಮತ್ತೆ ಮಿಸುಕತೊಡಗಿದವು: ಎರಡು, ಸೊನ್ನೆ, ಮೂರು, ಒಂದು.

ಭಾನುವಾರ ಮಾವನಿಗೆ ಫೋನು ಮಾಡಿ ಇದನ್ನೆಲ್ಲ ಹೇಳಿದೆ. ಎಂಬತ್ತು ದಾಟಿದ್ದಾರೆ, ಕಿವಿ ಮಂದ, ಮೂಗು ಈಗಲೂ ಚುರುಕು ಎಂದು ಅತ್ತೆ ಹೇಳುತ್ತಾರೆ. ಪೂರ್ತಿ ಕೇಳಿಸಿಕೊಂಡರು.

"ಅಂದರೆ ಒಳ್ಳೆ ಗಾಳಿ ಎಲ್ಲುಂಟು ಅಂತ ಆ ಪೆಟ್ಟಿಗೆಗೆ ನೀನೇ ಹೇಳಿಕೊಡಬೇಕಾ?"

"ಹೌದು ಮಾವ."

"ಹಾಗಾದರೆ ಅದನ್ನು ಇಲ್ಲಿಗೆ ಮಾತ್ರ ತರಬೇಡ ಮಾರಾಯ. ಮಲ್ಪೆಯಲ್ಲಿ ನೀನು ಎಲ್ಲಿ ಇಟ್ಟರೂ ಅದಕ್ಕೆ ಬಂಗುಡೆಯೇ ಸೊನ್ನೆ."